ಲಿಸ್ಬನ್‌ನಿಂದ ಹೆಲ್ಸಿಂಕಿಗೆ ಎಷ್ಟು ದೂರ, ಎಷ್ಟು ಹೊತ್ತು?

ಲಿಸ್ಬನ್‌ನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಡಿಸೆಂಬರ್ ರಜೆಗೆ ಹೆಲ್ಸಿಂಕಿಯಲ್ಲಿರುವ ಗೆಳತಿಯ ಮನೆಗೆ ಹೊರಟಿದ್ದಳು. ಟಿಕೆಟ್ ಕೈಗೆ ಬಂದ ಕೂಡಲೇ ಅದರ ಚಿತ್ರ ಕಳುಹಿಸಿ ಫೋನ್ ಮಾಡಿದಳು. "ಚಿಕ್ಕಮ್ಮ, ಹೋಗುವಾಗ ಬೆಳಿಗ್ಗೆ 10.05ಕ್ಕೆ ಹೊರಟು ಸಂಜೆ 4.50ಕ್ಕೆ ಇಳಿಯುತ್ತೇನಂತೆ. ಬರುವಾಗ ಸಂಜೆ 5.40ಕ್ಕೆ ಹೊರಟರೆ ರಾತ್ರಿ 8.45ಕ್ಕೆ ಲಿಸ್ಬನ್. ಹೋಗಲು ಆರೂಮುಕ್ಕಾಲು ಗಂಟೆ, ಬರಲು ಬರೀ ಮೂರು ಗಂಟೆ ಐದು ನಿಮಿಷ! ದಾರಿ ಒಂದೇ ಅಲ್ಲವೇ?"

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದ ನನಗೆ ಇಂಥ ಪ್ರಶ್ನೆ ಬಂದರೆ ಹಬ್ಬ. ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಿದೆ. ಆಮೇಲೆ ಕಪಾಟಿನ ಮೇಲಿದ್ದ ಗ್ಲೋಬ್ ಇಳಿಸಿ, ಧೂಳು ಒರೆಸಿ, ಹೊಲಿಗೆ ಪೆಟ್ಟಿಗೆಯಿಂದ ಕೆಂಪು ದಾರ ತಂದು ಕುಳಿತೆ. ಆ ಎರಡು ಮಾತು ಸಾಲದು ಎಂದು ನನಗೆ ಗೊತ್ತಿತ್ತು. "ಎಷ್ಟು ದೂರ", "ಎಷ್ಟು ಹೊತ್ತು" ಎಂಬ ಎರಡು ಪ್ರಶ್ನೆಗಳ ಒಳಗೆ ಹತ್ತು ಪ್ರಶ್ನೆಗಳು ಅಡಗಿವೆ. ಯಾವುದಕ್ಕೆ ಉತ್ತರ ಬೇಕೆಂದು ಮೊದಲು ಬಿಡಿಸಿಕೊಳ್ಳದಿದ್ದರೆ ಸಿಗುವ ಅಂಕಿ ಏನನ್ನೂ ಹೇಳುವುದಿಲ್ಲ.

ಫೋನಿನಲ್ಲಿ ಹೇಳಿದ್ದು ಇಷ್ಟು. ಟಿಕೆಟ್ಟಿನಲ್ಲಿ ಅಚ್ಚಾಗಿರುವ ಪ್ರತಿಯೊಂದು ವೇಳೆಯೂ ಆಯಾ ಊರಿನ ಗಡಿಯಾರದ ವೇಳೆ. ಫಿನ್ಲೆಂಡಿನ ಗಡಿಯಾರ ಪೋರ್ಚುಗಲ್ಲಿನದಕ್ಕಿಂತ ಎರಡು ಗಂಟೆ ಮುಂದಿದೆ. ಹೋಗುವಾಗಿನ ಲೆಕ್ಕದಲ್ಲಿ ಎರಡು ಗಂಟೆ ಕಳೆಯಬೇಕು, ಬರುವಾಗಿನದಕ್ಕೆ ಎರಡು ಗಂಟೆ ಕೂಡಿಸಬೇಕು. ಆಗ ಹೋಗಲು 4 ಗಂಟೆ 45 ನಿಮಿಷ, ಬರಲು 5 ಗಂಟೆ 5 ನಿಮಿಷ. ಇಡೀ ದೇಶಕ್ಕೆ ಒಂದೇ ಗಡಿಯಾರ ಇರುವಲ್ಲಿ ಬೆಳೆದ ನಮಗೆ ಇದು ಎಷ್ಟು ಸಲ ಹೇಳಿಸಿಕೊಂಡರೂ ಮರೆತುಹೋಗುತ್ತದೆ.

ಈ ಎರಡು ಗಂಟೆ ಸೂರ್ಯನ ಲೆಕ್ಕವೇ ಎಂದರೆ, ಪೂರ್ತಿಯಾಗಿ ಅಲ್ಲ. ಲಿಸ್ಬನ್ ವಿಮಾನ ನಿಲ್ದಾಣ ಗ್ರೀನಿಚ್‌ನಿಂದ ಪಶ್ಚಿಮಕ್ಕೆ 9 ಡಿಗ್ರಿ 8 ಮಿನಿಟು (ಡಿಗ್ರಿಯ ಅರವತ್ತನೇ ಒಂದು ಪಾಲಿಗೆ ಮಿನಿಟು ಎಂದು ಹೆಸರು), ಹೆಲ್ಸಿಂಕಿಯ ವಾಂಟಾ ನಿಲ್ದಾಣ ಪೂರ್ವಕ್ಕೆ 24 ಡಿಗ್ರಿ 58 ಮಿನಿಟು ರೇಖಾಂಶದಲ್ಲಿವೆ. ನಡುವಿನ ಅಂತರ 34 ಡಿಗ್ರಿಗೆ ತುಸು ಹೆಚ್ಚು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ ಸೂರ್ಯನ ಪ್ರಕಾರ ಎರಡೂ ಊರುಗಳಿಗೆ 2 ಗಂಟೆ 16 ನಿಮಿಷ ವ್ಯತ್ಯಾಸ. ಸರ್ಕಾರಗಳು ಅದನ್ನು ಎರಡಕ್ಕೆ ಇಳಿಸಿಕೊಂಡಿವೆ. ಗಡಿಯಾರ ಎನ್ನುವುದು ಸೂರ್ಯನಷ್ಟೇ ರಾಜಕಾರಣದ ಮಾತನ್ನೂ ಕೇಳುತ್ತದೆ. 1992ರಲ್ಲಿ ಪೋರ್ಚುಗಲ್ ತನ್ನ ಗಡಿಯಾರವನ್ನು ಮಧ್ಯ ಯುರೋಪಿನ ವೇಳೆಗೆ ಹೊಂದಿಸಿಕೊಂಡಿತ್ತು. ಚಳಿಗಾಲದ ಬೆಳಗಿನಲ್ಲಿ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೋಗುವಂತಾಗಿ, 1996ರಲ್ಲಿ ಹಳೆಯ ವೇಳೆಗೇ ಮರಳಿತು. ಆ ನಡುವಿನ ವರ್ಷಗಳಲ್ಲಿ ಇದೇ ಟಿಕೆಟ್ ತೆಗೆದಿದ್ದರೆ ಅಂತರ ಒಂದೇ ಗಂಟೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುವ ಪದ್ಧತಿ ಎರಡೂ ದೇಶಗಳಲ್ಲಿದೆ. ಐರೋಪ್ಯ ಒಕ್ಕೂಟದಲ್ಲೆಲ್ಲ ಅದು ಒಂದೇ ಕ್ಷಣದಲ್ಲಿ ನಡೆಯುತ್ತದೆ: ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಗ್ರೀನಿಚ್ ವೇಳೆ ಒಂದು ಗಂಟೆಗೆ. ಹಾಗಾಗಿ ವರ್ಷವಿಡೀ ಈ ಎರಡು ಊರುಗಳ ನಡುವೆ ಎರಡು ಗಂಟೆಯೇ ಅಂತರ.

ಇನ್ನು ದಾರಕ್ಕೆ ಬರೋಣ. ನನ್ನ ಗ್ಲೋಬಿನ ಅಡ್ಡಳತೆ 30 ಸೆಂಟಿಮೀಟರ್, ಅಂದರೆ ಸುತ್ತಳತೆ 94 ಸೆಂಟಿಮೀಟರಿಗೆ ತುಸು ಹೆಚ್ಚು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ದಾರದ ಒಂದು ತುದಿಯನ್ನು ಎಡಗೈ ಹೆಬ್ಬೆರಳಿನಿಂದ ಲಿಸ್ಬನ್ ಮೇಲೆ ಒತ್ತಿ, ಇನ್ನೊಂದನ್ನು ಹೆಲ್ಸಿಂಕಿಗೆ ಎಳೆದು ಬಿಗಿ ಮಾಡಿದೆ. ಬಿಗಿಯಾದ ದಾರ ತಾನಾಗಿಯೇ ಜರುಗಿ ಅತ್ಯಂತ ಹತ್ತಿರದ ದಾರಿಗೆ ಬಂದು ನಿಲ್ಲುತ್ತದೆ. ಅದನ್ನು ನೋಡುವುದೇ ಒಂದು ಸಂತೋಷ. ಉಗುರಿನಿಂದ ಗುರುತು ಮಾಡಿ ಅಳತೆಪಟ್ಟಿಯ ಮೇಲಿಟ್ಟರೆ ಎಂಟು ಸೆಂಟಿಮೀಟರಿಗೆ ಒಂದು ಗೆರೆ ಕಡಿಮೆ, 7.9. ಲೆಕ್ಕ ಹಾಕಿದರೆ 3,350 ಕಿ.ಮೀ. ಆಸುಪಾಸು. ಒಂದು ರೂಪಾಯಿ ಖರ್ಚಿಲ್ಲದೆ ಮನೆಯಲ್ಲಿ ಕುಳಿತು ತೆಗೆದ ಈ ಅಳತೆ ವಿಮಾನ ಸಂಸ್ಥೆಗಳು ಬಳಸುವ ಅಂಕಿಗೆ ತೀರಾ ಹತ್ತಿರದ್ದು. ಬೆಂಗಳೂರಿನಿಂದ ದೆಹಲಿಗೆ ವಿಮಾನದ ದಾರಿ ಸುಮಾರು 1,700 ಕಿ.ಮೀ.; ಇದು ಅದರ ಹತ್ತಿರ ಹತ್ತಿರ ಎರಡರಷ್ಟು.

ದಾರ ಹಿಡಿದ ದಾರಿಗೆ ಮಹಾವೃತ್ತ ಎಂದು ಹೆಸರು. ಭೂಮಿಯನ್ನು ಅದರ ಕೇಂದ್ರದ ಮೂಲಕ ಸರಿಯಾಗಿ ಎರಡು ಹೋಳು ಮಾಡುವ ಹಾಗೆ ಕೊಯ್ದರೆ, ಕೊಯ್ದ ಅಂಚೇ ಮಹಾವೃತ್ತ. ಗೋಲದ ಮೇಲಿನ ಯಾವುದೇ ಎರಡು ಊರುಗಳ ನಡುವಿನ ಅತಿ ಚಿಕ್ಕ ದಾರಿ ಅಂಥ ಒಂದು ಅಂಚಿನ ತುಂಡು. ನಮ್ಮ ತುಂಡು ಕೇಂದ್ರದಲ್ಲಿ 30 ಡಿಗ್ರಿ 16 ಮಿನಿಟುಗಳ ಕೋನ ಮಾಡುತ್ತದೆ. ಇಲ್ಲಿ ನಾವಿಕರ ಅಳತೆಯ ಸೊಬಗು ನೋಡಿ. ಒಂದು ನಾಟಿಕಲ್ ಮೈಲಿ ಎಂದರೆ ಭೂಮಿಯ ಕೇಂದ್ರದಲ್ಲಿ ಒಂದು ಮಿನಿಟು ಕೋನಕ್ಕೆ ಎದುರಾಗುವ ನೆಲ, ಇಂದಿನ ಲೆಕ್ಕದಲ್ಲಿ 1,852 ಮೀಟರ್. 30 ಡಿಗ್ರಿಗೆ 1,800 ಮಿನಿಟು, ಮೇಲೆ 16. ಒಟ್ಟು 1,816 ನಾಟಿಕಲ್ ಮೈಲಿ. ಕೋನ ಗೊತ್ತಾದರೆ ದೂರ ಗೊತ್ತಾದಂತೆಯೇ. ವಿಮಾನದವರು ಕಿಲೋಮೀಟರ್ ಬಿಟ್ಟು ಇಂದಿಗೂ ಇದನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣವಿದೆ.

ಈಗ ದಾರ ಬಿಟ್ಟು ಭೂಪಟ ಹಿಡಿಯೋಣ. ಮರ್ಕೇಟರ್ ಕ್ರಮದಲ್ಲಿ, ಅಂದರೆ ದಿಕ್ಕು ಬದಲಿಸದೆ ಸಾಗುವ ದಾರಿ ನೇರ ಗೆರೆಯಾಗಿ ಕಾಣುವ ಹಾಗೆ, ಬರೆದ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ಲಿಸ್ಬನ್‌ನಿಂದ ಹೆಲ್ಸಿಂಕಿಗೆ ಗೆರೆ ಎಳೆದರೆ ಅದು ಬೆರಗಾಗುವಷ್ಟು ಅಚ್ಚುಕಟ್ಟಾಗಿ ಈಶಾನ್ಯಕ್ಕೆ, 45 ಡಿಗ್ರಿಗೆ, ಓಡುತ್ತದೆ. ಈ ಗೆರೆ ಹಿಡಿದು ಅರ್ಧ ದೂರ ಸಾಗಿದರೆ ಸಿಗುವ ಊರು ಲಕ್ಸೆಂಬರ್ಗ್. ಗ್ಲೋಬಿನ ಮೇಲೆ ದಾರದ ನಡುಬಿಂದು ಹುಡುಕಿದರೆ ಅಲ್ಲಿ ಲಕ್ಸೆಂಬರ್ಗ್ ಇಲ್ಲ. ಅದು ಬೆಲ್ಜಿಯಂನಲ್ಲಿದೆ, ಬ್ರಸೆಲ್ಸ್ ನಗರದಿಂದ ನೈರುತ್ಯಕ್ಕೆ ಮೂವತ್ತು ಕಿ.ಮೀ. ಒಳಗೆ. ಎರಡೂ ನೇರ ಗೆರೆಗಳೇ, ನಡುವೆ ಸುಮಾರು 190 ಕಿ.ಮೀ. ಅಂತರ. ನನ್ನ ಗ್ಲೋಬಿನ ಮೇಲೆ ಅದು ನಾಲ್ಕೂವರೆ ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟು. ಆದರೂ ಕಣ್ಣಿಗೆ ಕಾಣುತ್ತದೆ.

ಯಾಕೆ ಹೀಗೆ? ಕಿತ್ತಳೆಹಣ್ಣಿನ ತೊಳೆಗಳನ್ನು ನೆನಪಿಗೆ ತಂದುಕೊಳ್ಳಿ. ನಡುವಿನಲ್ಲಿ ಅಗಲ, ತೊಟ್ಟಿನ ಕಡೆ ಕಿರಿದು. ರೇಖಾಂಶಗಳ ನಡುವಿನ ಜಾಗವೂ ಹಾಗೆಯೇ. ಒಂದು ಡಿಗ್ರಿ ರೇಖಾಂಶ ಬೆಂಗಳೂರಿನಲ್ಲಿ ಸುಮಾರು 108 ಕಿ.ಮೀ., ಲಿಸ್ಬನ್‌ನಲ್ಲಿ 87, ಹೆಲ್ಸಿಂಕಿಯಲ್ಲಿ ಬರೀ 55. ಪೂರ್ವಕ್ಕೆ 34 ಡಿಗ್ರಿ ಹೇಗಿದ್ದರೂ ದಾಟಲೇಬೇಕು. ತೊಳೆ ಅಗಲವಾಗಿರುವ ದಕ್ಷಿಣದಲ್ಲಿ ದಾಟುವುದಕ್ಕಿಂತ ಮೊದಲು ಉತ್ತರಕ್ಕೆ ಹೋಗಿ ಕಿರಿದಾದಲ್ಲಿ ದಾಟುವುದು ಲಾಭ. ಮಹಾವೃತ್ತ ಮಾಡುವುದು ಅದನ್ನೇ. ಲಿಸ್ಬನ್ ಬಿಡುವಾಗ ಅದರ ದಿಕ್ಕು ಉತ್ತರದಿಂದ 33 ಡಿಗ್ರಿ ಪೂರ್ವಕ್ಕೆ. ಬೆಲ್ಜಿಯಂ ಮೇಲೆ 43. ಹೆಲ್ಸಿಂಕಿ ಸೇರುವಾಗ 60. ದಿಕ್ಸೂಚಿಯ ಮುಳ್ಳು ದಾರಿಯುದ್ದಕ್ಕೂ ಮೆಲ್ಲಗೆ ಸರಿಯುತ್ತಿರುತ್ತದೆ, ವಿಮಾನ ಮಾತ್ರ ಎಲ್ಲೂ ತಿರುಗಿದಂತೆ ಅನ್ನಿಸುವುದಿಲ್ಲ. ಭೂಪಟದ ಗೆರೆ ಹಿಡಿದವನಿಗೆ ಉಲ್ಟಾ: ದಿಕ್ಸೂಚಿ 45 ಡಿಗ್ರಿಯಲ್ಲೇ ನಿಂತಿರುತ್ತದೆ, ಅವನು ನಿಜದಲ್ಲಿ ಬಾಗುತ್ತಾ ಹೋಗುತ್ತಿರುತ್ತಾನೆ.

ದಿಕ್ಕು ಬದಲಿಸದೆ ಸಾಗಿದರೆ ಹತ್ತಿರದ ದಾರಿ ಸಿಗುವುದಿಲ್ಲ ಎಂಬುದನ್ನು ಮೊದಲು ಬರೆದು ತೋರಿಸಿದವನು ಪೋರ್ಚುಗಲ್ಲಿನ ಗಣಿತಜ್ಞ ಪೆದ್ರೊ ನುನೆಸ್, 1537ರಲ್ಲಿ. ಹಡಗಿನವರು ತಂದ ಗೊಂದಲವನ್ನು ಬಿಡಿಸಲು ಹೋಗಿ ಅವನು ಆ ಬಾಗುಗೆರೆಯನ್ನು ಕಂಡುಕೊಂಡ. ಅದೇ ಗೆರೆಯನ್ನು ಕಾಗದದ ಮೇಲೆ ನೇರವಾಗಿಸುವ ಭೂಪಟವನ್ನು 1569ರಲ್ಲಿ ಕೊಟ್ಟವನು ಗೆರಾರ್ಡಸ್ ಮರ್ಕೇಟರ್. ಅವನು ಹುಟ್ಟಿದ್ದು 1512ರಲ್ಲಿ, ಆ್ಯಂಟ್ವರ್ಪ್ ಬಳಿಯ ರುಪೆಲ್ಮೊಂಡೆ ಎಂಬ ಊರಿನಲ್ಲಿ. ಈ ಲೇಖನಕ್ಕಾಗಿ ಲೆಕ್ಕ ಮಾಡುವಾಗ ನನಗೆ ಮೈ ಜುಮ್ಮೆಂದ ಸಂಗತಿ ಇದು: ಲಿಸ್ಬನ್–ಹೆಲ್ಸಿಂಕಿ ಮಹಾವೃತ್ತ ಆ ಊರಿನಿಂದ ಇಪ್ಪತ್ತು ಕಿ.ಮೀ. ಒಳಗೇ ಹಾದುಹೋಗುತ್ತದೆ. ತನ್ನ ಭೂಪಟ ಬೇರೆಡೆಗೆ ಸರಿಸಿದ ದಾರಿ ಅವನ ತೊಟ್ಟಿಲ ಊರಿನ ಪಕ್ಕದಲ್ಲೇ ಇತ್ತು.

ನಷ್ಟ ಎಷ್ಟು ಎಂದು ನೀವು ಕೇಳಬಹುದು. ಬರೀ 30 ಕಿ.ಮೀ. ದಿಕ್ಸೂಚಿಯ ಗೆರೆ ಹಿಡಿದರೆ ಸುಮಾರು 3,395, ಮಹಾವೃತ್ತವಾದರೆ 3,365. ಎರಡು ನಿಮಿಷದ ಹಾರಾಟ. ಯುರೋಪಿನ ಒಳಗೆ ಈ ವ್ಯತ್ಯಾಸ ಚಿಕ್ಕದೇ. ಸಾಗರ ದಾಟುವ ದಾರಿಗಳಲ್ಲಿ ಅದು ನೂರಾರು ಕಿಲೋಮೀಟರಿಗೆ ಏರುತ್ತದೆ. ಭೂಪಟದಲ್ಲಿ ನಿಜವಾಗಿ ಕೈಕೊಡುವುದು ಅಳತೆಮಾನ. ಮರ್ಕೇಟರ್ ಭೂಪಟ ಲಿಸ್ಬನ್ ಬಳಿ ನೆಲವನ್ನು 1.3ರಷ್ಟು ಹಿಗ್ಗಿಸಿದರೆ ಹೆಲ್ಸಿಂಕಿ ಬಳಿ ಎರಡರಷ್ಟು ಹಿಗ್ಗಿಸುತ್ತದೆ. ಮೂಲೆಯಲ್ಲಿ ಅಚ್ಚಾದ ಒಂದೇ ಅಳತೆಮಾನ ಹಿಡಿದು ಇಡೀ ದಾರಿ ಅಳೆದರೆ ಉತ್ತರ ತಪ್ಪುವುದು ಖಂಡಿತ. ಮಕ್ಕಳಿಗೆ ಮೊದಲು ಗ್ಲೋಬ್ ಕೊಡಿ, ಆಮೇಲೆ ಭೂಪಟ ಕೊಡಿ ಎಂದು ನಾನು ಶಾಲೆಯಲ್ಲಿ ಹಟ ಹಿಡಿಯುತ್ತಿದ್ದದ್ದು ಇದಕ್ಕೇ.

ನಾನು ಒಮ್ಮೆ 3,365 ಎಂದರೆ ಇನ್ನೊಂದು ಕಡೆ 3,370 ಎಂದು ಕಾಣುತ್ತದೆ. ತಪ್ಪು ಯಾರದ್ದೂ ಅಲ್ಲ. ಭೂಮಿ ಪರಿಪೂರ್ಣ ಗೋಲ ಎಂದುಕೊಂಡು ಲೆಕ್ಕ ಮಾಡಿದರೆ ಮೊದಲನೆಯದು, ಅದರ ನಿಜವಾದ ಆಕಾರ ಹಿಡಿದರೆ ಎರಡನೆಯದು. ಭೂಮಿ ಧ್ರುವಗಳ ಬಳಿ ಸ್ವಲ್ಪ ಚಪ್ಪಟೆ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಈ ಇಪ್ಪತ್ತೊಂದು ಕಿಲೋಮೀಟರಿಗಾಗಿ ಹದಿನೆಂಟನೇ ಶತಮಾನದ ಯುರೋಪಿನಲ್ಲಿ ದೊಡ್ಡ ಜಗಳವೇ ನಡೆದಿತ್ತು. ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂದದ್ದು ನ್ಯೂಟನ್. ಅಲ್ಲ, ಅಲ್ಲೇ ಉದ್ದ ಎಂದದ್ದು ಪ್ಯಾರಿಸಿನ ಕ್ಯಾಸಿನಿ ಮನೆತನದ ಖಗೋಳಜ್ಞರು. ತೀರ್ಮಾನಕ್ಕಾಗಿ ಮೊಪೆರ್ತ್ವಿ ಎಂಬ ಫ್ರೆಂಚ್ ವಿದ್ವಾಂಸ 1736ರಲ್ಲಿ ತಂಡ ಕಟ್ಟಿಕೊಂಡು ಇಂದಿನ ಸ್ವೀಡನ್–ಫಿನ್ಲೆಂಡ್ ಗಡಿಯ ಟೋರ್ನಿಯೊ ನದಿ ಕಣಿವೆಗೆ ಹೋದ. ಉಷ್ಣಮಾಪಕದಿಂದ ನಮಗೆಲ್ಲ ಪರಿಚಿತನಾದ ಸೆಲ್ಸಿಯಸ್ ಆ ತಂಡದಲ್ಲಿದ್ದ. ಡಿಸೆಂಬರ್ ತಿಂಗಳ ಆ ಚಳಿಯಲ್ಲಿ, ಹೆಪ್ಪುಗಟ್ಟಿದ ನದಿಯ ಮೇಲೆ, ಮರದ ಕೋಲುಗಳನ್ನು ಒಂದರ ಮುಂದೊಂದು ಜೋಡಿಸುತ್ತಾ ಅವರು ಆಧಾರರೇಖೆ, ಅಂದರೆ ಉಳಿದ ಅಳತೆಗಳಿಗೆಲ್ಲ ಬುನಾದಿಯಾಗುವ ಗೆರೆ, ಅಳೆದರು. ಅಲ್ಲಿನ ಒಂದು ಡಿಗ್ರಿ ಅಕ್ಷಾಂಶ ಫ್ರಾನ್ಸಿನ ಒಂದು ಡಿಗ್ರಿ ಅಕ್ಷಾಂಶಕ್ಕಿಂತ ಉದ್ದವಿತ್ತು. ನೆಲ ಚಪ್ಪಟೆಯಾದಲ್ಲಿ ಡಿಗ್ರಿ ಉದ್ದವಾಗಲೇಬೇಕು, ಹಾಗಾಗಿ ನ್ಯೂಟನ್ ಹೇಳಿದ್ದೇ ಸರಿಯಾಯಿತು. 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಸರಪಳಿ ಹಿಡಿದು ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್ ಕೂಡ ಮುಂದೆ ದಕ್ಷಿಣ ಭಾರತದುದ್ದಕ್ಕೂ ಇದೇ ಪ್ರಶ್ನೆಯ ಬೆನ್ನು ಹತ್ತಿದ. ಟಿಕೆಟ್ಟಿನ ದೂರದಲ್ಲಿ ಐದು ಕಿಲೋಮೀಟರ್ ಹೆಚ್ಚು ಕಡಿಮೆ ಕಂಡಾಗ ನನಗೆ ಮಂಜಿನ ಮೇಲೆ ಕೋಲು ಜೋಡಿಸಿದ ಆ ಕೈಗಳು ನೆನಪಾಗುತ್ತವೆ.

ಇಷ್ಟು ಹೊತ್ತು ಅಳೆದದ್ದೆಲ್ಲ ನೆಲದ ದೂರ. ವಿಮಾನ ಅದನ್ನೇ ಹಾರುತ್ತದೆಯೇ? ಇಲ್ಲ. ಮೊದಲನೆಯದಾಗಿ ಅದು ಹನ್ನೊಂದು ಕಿ.ಮೀ. ಎತ್ತರದಲ್ಲಿರುತ್ತದೆ. ಹೊರಗಿನ ವೃತ್ತ ದೊಡ್ಡದಾದ್ದರಿಂದ ದಾರಿ ಸುಮಾರು ಆರು ಕಿಲೋಮೀಟರ್ ಬೆಳೆಯುತ್ತದೆ; ಇದು ಲೆಕ್ಕಕ್ಕೇ ಬಾರದ್ದು. ಲೆಕ್ಕಕ್ಕೆ ಬರುವುದು ರನ್‌ವೇ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿ ಇಳಿಯಬೇಕು. ಲಿಸ್ಬನ್ ರನ್‌ವೇ ಉತ್ತರ–ದಕ್ಷಿಣಕ್ಕೆ ತುಸು ಓರೆಯಾಗಿದೆ, ಗಾಳಿ ಹೆಚ್ಚಾಗಿ ಉತ್ತರದ್ದು. ಹಾಗಾಗಿ ಹೆಲ್ಸಿಂಕಿಗೆ ಹೊರಟವರು ಬಹುಮಟ್ಟಿಗೆ ಬೇಕಾದ ದಿಕ್ಕಿನಲ್ಲೇ ನೆಲ ಬಿಡುತ್ತಾರೆ. ಹೆಲ್ಸಿಂಕಿಯಲ್ಲಿ ಮೂರು ರನ್‌ವೇಗಳಿವೆ, ಎರಡು ಈಶಾನ್ಯ–ನೈರುತ್ಯಕ್ಕೆ ಚಾಚಿವೆ. ಗಾಳಿ ನೈರುತ್ಯದಿಂದ ಬೀಸುತ್ತಿದ್ದರೆ ನೈರುತ್ಯದಿಂದಲೇ ಬಂದ ನಮ್ಮ ವಿಮಾನ ಇವುಗಳಲ್ಲೊಂದರ ಮೇಲೆ ಇಳಿಯಲು ನಿಲ್ದಾಣವನ್ನು ದಾಟಿ ಮುಂದೆ ಹೋಗಿ, ಹಿಂದಕ್ಕೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ಇಳಿಯಬೇಕಾಗುತ್ತದೆ. ಕಿಟಕಿಯಿಂದ ರನ್‌ವೇ ಕಂಡ ಮೇಲೂ ಹತ್ತು ನಿಮಿಷ ಹಾರುತ್ತಲೇ ಇದ್ದೇವಲ್ಲ ಎಂದು ಅನ್ನಿಸುವುದು ಆಗಲೇ.

ನಡುವಿನ ದಾರಿ ಒಂಬತ್ತು ದೇಶಗಳ ಆಕಾಶದ್ದು. ಪೋರ್ಚುಗಲ್, ಸ್ಪೇನ್, ಬಿಸ್ಕೆ ಕೊಲ್ಲಿ, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್, ಸ್ವೀಡನ್, ಬಾಲ್ಟಿಕ್ ಸಮುದ್ರ, ಕೊನೆಗೆ ಫಿನ್ಲೆಂಡ್. ನೀರು ಬಿಟ್ಟು ಎಣಿಸಿದರೆ ಒಂಬತ್ತು. ಬೆಲ್ಜಿಯಂನಿಂದ ವಾಯವ್ಯ ಜರ್ಮನಿಯವರೆಗಿನ ಮೇಲಿನ ಆಕಾಶವನ್ನು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿರುವ ಒಂದೇ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತದೆ, ನಾಲ್ಕು ದೇಶಗಳ ಪರವಾಗಿ. ಹಿಂದೆ ವಿಮಾನಗಳು ನೆಲದ ರೇಡಿಯೊ ಕಂಬದಿಂದ ಕಂಬಕ್ಕೆ ಅಂಕುಡೊಂಕಾಗಿ ಹೋಗಬೇಕಿತ್ತು. 2009ರಲ್ಲಿ ಪೋರ್ಚುಗಲ್ ತನ್ನ ಮೇಲಿನ ಆಕಾಶದಲ್ಲಿ, ಒಳಬರುವ ಮತ್ತು ಹೊರಹೋಗುವ ಬಿಂದುಗಳ ನಡುವೆ ನೇರ ಹಾರಲು ಬಿಟ್ಟಿತು. ಉಳಿದ ದೇಶಗಳೂ ಅದೇ ದಾರಿ ಹಿಡಿದವು. ಆದರೂ ಮೋಡ, ಸೈನ್ಯದ ಅಭ್ಯಾಸ, ದಟ್ಟಣೆ ಇವುಗಳಿಗೆ ಸರಿದುಕೊಂಡು ಹೋಗುವಾಗ ಮಹಾವೃತ್ತಕ್ಕೆ ಕೆಲವೊಮ್ಮೆ ನೂರು ಕಿಲೋಮೀಟರ್ ಸೇರುವುದು ಅಚ್ಚರಿಯಲ್ಲ. ಆಕಾಶದ ಬಾಗಿಲು ಮುಚ್ಚಿದರಂತೂ ನೆಲದ ದೂರಕ್ಕೆ ಅರ್ಥವೇ ಇರುವುದಿಲ್ಲ. 2022ರಲ್ಲಿ ರಷ್ಯಾ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಹಾರಾಟ ಹದಿಮೂರಕ್ಕೆ ಏರಿತು. ಎರಡೂ ನಗರಗಳು ಇದ್ದಲ್ಲೇ ಇದ್ದವು.

ಸಮಯದ ಲೆಕ್ಕಕ್ಕೆ ಕೈ ಹಾಕೋಣ. ಈ ದಾರಿಯಲ್ಲಿ ಓಡುವಂಥ ಏರ್‌ಬಸ್ 320 ಜಾತಿಯ ವಿಮಾನ ಎತ್ತರಕ್ಕೆ ಏರಿದ ಮೇಲೆ ಶಬ್ದದ ವೇಗದ 0.78ರಷ್ಟು ವೇಗದಲ್ಲಿ ಸಾಗುತ್ತದೆ. ಅಷ್ಟು ಎತ್ತರದಲ್ಲಿ ಉಷ್ಣಾಂಶ ಸೊನ್ನೆಗಿಂತ 56 ಡಿಗ್ರಿ ಕೆಳಗೆ. ಚಳಿಗಾಳಿಯಲ್ಲಿ ಶಬ್ದವೂ ನಿಧಾನ, ಗಂಟೆಗೆ ಸುಮಾರು 1,060 ಕಿ.ಮೀ. ಹಾಗಾಗಿ ವಿಮಾನದ ವೇಗ ಸುಮಾರು 830. ಗಾಳಿಯೇ ಇಲ್ಲದಿದ್ದರೆ 3,370 ಕಿ.ಮೀ. ದಾಟಲು 4 ಗಂಟೆ 4 ನಿಮಿಷ ಸಾಕು.

ಗಾಳಿ ಇಲ್ಲದ ದಿನ ಇಲ್ಲ. ಯುರೋಪಿನ ಮೇಲೆ ಎತ್ತರದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಇನ್ನೂ ಬಿರುಸು. ಹೊಳೆಯಲ್ಲಿ ದೋಣಿ ಇದ್ದಂತೆ: ಹುಟ್ಟು ಹಾಕುವ ಶಕ್ತಿ ಒಂದೇ, ದಡ ಹಿಂದೆ ಸರಿಯುವ ವೇಗ ಹರಿವಿಗೆ ತಕ್ಕಂತೆ. ದಾರಿಯ ದಿಕ್ಕಿಗೆ ಬೀಳುವ ಗಾಳಿಯ ಪಾಲು ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗುವಾಗ 890ರ ವೇಗ ಸಿಕ್ಕಿ 3 ಗಂಟೆ 47 ನಿಮಿಷ. ಬರುವಾಗ 770ಕ್ಕೆ ಇಳಿದು 4 ಗಂಟೆ 23 ನಿಮಿಷ. ಮೂವತ್ತಾರು ನಿಮಿಷದ ಅಂತರ. ಇಲ್ಲೊಂದು ಸೂಕ್ಷ್ಮವಿದೆ, ತರಗತಿಯಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು ಎಡವುತ್ತಿದ್ದ ಜಾಗ. ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಕಿತ್ತುಕೊಂಡಿತು, ಅಲ್ಲಿಗಲ್ಲಿಗೆ ಸರಿಹೋಯಿತು ಎನ್ನುತ್ತಾರೆ. ಸರಿಹೋಗುವುದಿಲ್ಲ. ಗಾಳಿಯಿಲ್ಲದೆ ಹೋಗಿ ಬರಲು 8 ಗಂಟೆ 7 ನಿಮಿಷ, ಗಾಳಿಯಿದ್ದರೆ 8 ಗಂಟೆ 10 ನಿಮಿಷ. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚಾದ್ದರಿಂದ ಅದರ ಕಾಟವೂ ಹೆಚ್ಚು. ಗಾಳಿ ಜೋರಾದಷ್ಟೂ ಈ ನಷ್ಟ ಬೆಳೆಯುತ್ತದೆ.

"ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಪಶ್ಚಿಮಕ್ಕೆ ಹೋಗುವಾಗ ಊರೇ ಎದುರಿಗೆ ಬರಬೇಕಲ್ಲವೇ?" ಎಂದು ಅಕ್ಕನ ಮಗಳೂ ಕೇಳಿದಳು. ತುಂಬಾ ಒಳ್ಳೆಯ ಪ್ರಶ್ನೆ, ಕೇಳಲು ಯಾರೂ ನಾಚಬೇಕಿಲ್ಲ. ಓಡುವ ರೈಲಿನಲ್ಲಿ ಕುಳಿತು ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿಗಲ್ಲ. ನಾಣ್ಯವೂ ಡಬ್ಬಿಯೊಳಗಿನ ಗಾಳಿಯೂ ರೈಲಿನ ಜೊತೆಗೇ ಓಡುತ್ತಿವೆ. ನೆಲ, ಗಾಳಿ, ನಿಂತ ವಿಮಾನ ಎಲ್ಲವೂ ಭೂಮಿಯ ಜೊತೆ ತಿರುಗುತ್ತಲೇ ಇರುತ್ತವೆ. ವಿಮಾನ ಈಜುವುದು ಆ ಗಾಳಿಯಲ್ಲಿ. ಹಾಗೆಂದು ಭೂಮಿಯ ತಿರುಗುವಿಕೆಗೆ ಪಾತ್ರವೇ ಇಲ್ಲವೆಂದಲ್ಲ. ಬಿಸಿ ದಕ್ಷಿಣದಿಂದ ತಂಪು ಉತ್ತರಕ್ಕೆ ಹೊರಟ ಗಾಳಿಯನ್ನು ಬಲಕ್ಕೆ ತಿರುಗಿಸಿ ಪೂರ್ವಮುಖಿಯಾಗಿ ಮಾಡುವುದು ಅದೇ ತಿರುಗುವಿಕೆ. ಗಾಳಿಯ ಮೂಲಕವಷ್ಟೇ ಅದು ನಮ್ಮ ಪ್ರಯಾಣವನ್ನು ಮುಟ್ಟುತ್ತದೆ. ಇನ್ನೊಂದು ಮಾತು: ಹೆಲ್ಸಿಂಕಿಯ ಅಕ್ಷಾಂಶದಲ್ಲಿ ನೆಲ ಪೂರ್ವಕ್ಕೆ ತಿರುಗುವ ವೇಗ ಗಂಟೆಗೆ ಸುಮಾರು 830 ಕಿ.ಮೀ., ನಮ್ಮ ವಿಮಾನದ ವೇಗವೇ. ಅಲ್ಲಿಂದ ನೇರ ಪಶ್ಚಿಮಕ್ಕೆ ಹಾರಿದರೆ ಕಿಟಕಿಯ ಸೂರ್ಯ ಕದಲದೆ ನಿಲ್ಲುತ್ತಾನೆ. ಜೂನ್ ತಿಂಗಳಲ್ಲಿ ಸಂಜೆ ಹೆಲ್ಸಿಂಕಿ ಬಿಟ್ಟು ನೈರುತ್ಯಕ್ಕೆ ಬರುವವರಿಗೆ ಐದು ಗಂಟೆಯುದ್ದದ ಒಂದೇ ಇಳಿಬಿಸಿಲು ಸಿಗುವುದು ಇದರಿಂದ.

ಹಾರಾಟದ ಹೊತ್ತು ನಾಲ್ಕು ಗಂಟೆಯ ಆಸುಪಾಸು ಎಂದಾಯಿತು, ಟಿಕೆಟ್ ನಾಲ್ಕೂಮುಕ್ಕಾಲು ಎನ್ನುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಟಿಕೆಟ್ಟಿನ ಹೊರಡುವ ವೇಳೆ ಎಂದರೆ ಚಕ್ರ ನೆಲ ಬಿಡುವ ವೇಳೆಯಲ್ಲ. ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದು ವಿಮಾನ ಗೇಟಿನಿಂದ ಹಿಂದೆ ಸರಿಯುವ ವೇಳೆ. ತಲುಪುವ ವೇಳೆ ಎಂದರೆ ಅತ್ತ ಮತ್ತೆ ಗೇಟಿಗೆ ಬಂದು ನಿಲ್ಲುವುದು. ಉದ್ಯಮದಲ್ಲಿ ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಅದರೊಳಗೆ ಲಿಸ್ಬನ್‌ನ ಒಂದೇ ರನ್‌ವೇಗೆ ಕಾಯುವ ಸಾಲು, ನಿಧಾನವಾಗಿ ಏರುವ ಮೊದಲ ಇಪ್ಪತ್ತು ನಿಮಿಷ, ವೇಗ ತಗ್ಗಿಸುತ್ತಾ ಇಳಿಯುವ ಕೊನೆಯ ಅರ್ಧ ಗಂಟೆ, ಹೆಲ್ಸಿಂಕಿಯಲ್ಲಿ ಗೇಟಿನವರೆಗಿನ ಓಟ, ಜೊತೆಗೆ ಸಂಸ್ಥೆ ತಡವಾಗದಿರಲೆಂದು ಸೇರಿಸಿಟ್ಟ ಕೆಲವು ನಿಮಿಷ ಎಲ್ಲವೂ ಇವೆ. ಚಳಿಗಾಲದಲ್ಲಿ ಹೆಲ್ಸಿಂಕಿಯಿಂದ ಮರಳುವಾಗ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ರೆಕ್ಕೆಯ ಮೇಲೆ ತೆಳ್ಳನೆಯ ಹಿಮ ಕೂತರೂ ಗಾಳಿ ನಯವಾಗಿ ಹರಿಯದು. ವಿಮಾನವನ್ನು ನಿಲ್ಲಿಸಿ, ಗ್ಲೈಕಾಲ್ ಬೆರೆಸಿದ ಬಿಸಿ ದ್ರಾವಣವನ್ನು ರೆಕ್ಕೆಗೂ ಬಾಲಕ್ಕೂ ಎರಚಿ ತೊಳೆಯುತ್ತಾರೆ. ಕಿಟಕಿಯಾಚೆ ಕಿತ್ತಳೆ ಬಣ್ಣದ ಆವಿ ಏಳುವಾಗ ಗಾಬರಿ ಬೇಡ. ನಮ್ಮ ಜೀವ ಕಾಯುವ ಹತ್ತು ನಿಮಿಷ ಅದು.

ನೇರ ವಿಮಾನ ಸಿಗದಿದ್ದರೆ? ಫ್ರಾಂಕ್‌ಫರ್ಟ್ ಮೂಲಕ ಹೋಗುವುದನ್ನು ಲೆಕ್ಕ ಹಾಕಿದೆ. ಲಿಸ್ಬನ್‌ನಿಂದ ಅಲ್ಲಿಗೆ ಸುಮಾರು 1,875 ಕಿ.ಮೀ., ಅಲ್ಲಿಂದ ಹೆಲ್ಸಿಂಕಿಗೆ 1,540. ಕೂಡಿದರೆ ನೇರ ದಾರಿಗಿಂತ ಐವತ್ತು ಕಿಲೋಮೀಟರ್ ಕೂಡ ಹೆಚ್ಚಿಲ್ಲ. ಹೊತ್ತು ಮಾತ್ರ ಎರಡು ಮೂರು ಗಂಟೆ ಹೆಚ್ಚು. ಎರಡು ಸಲ ಏರಿ ಎರಡು ಸಲ ಇಳಿದು, ನಡುವೆ ಕಾದು ಕುಳಿತದ್ದಕ್ಕೆ ತೆರುವ ಬೆಲೆ ಅದು. ದೂರ ಮತ್ತು ಹೊತ್ತು ಒಂದನ್ನೊಂದು ಹಿಂಬಾಲಿಸುತ್ತವೆ ಎಂಬ ನಂಬಿಕೆ ಇಲ್ಲಿ ಪೂರ್ತಿ ಕುಸಿಯುತ್ತದೆ.

ಪ್ರಯಾಣಿಕರ ಜೇಬಿಗೆ ತಾಗುವ ಸಂಗತಿಯೊಂದಿದೆ. ಐರೋಪ್ಯ ಒಕ್ಕೂಟದ 2004ರ ನಿಯಮದ ಪ್ರಕಾರ ವಿಮಾನ ರದ್ದಾದರೆ ಸಿಗುವ ಪರಿಹಾರ ದೂರವನ್ನು ಅವಲಂಬಿಸಿದೆ: 1,500 ಕಿ.ಮೀ. ವರೆಗೆ 250 ಯೂರೊ, ಒಕ್ಕೂಟದೊಳಗೆ ಅದನ್ನು ಮೀರಿದರೆ 400. ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೂ ಇದು ಅನ್ವಯಿಸುತ್ತದೆ ಎಂದು 2009ರಲ್ಲಿ ಒಕ್ಕೂಟದ ನ್ಯಾಯಾಲಯ ಹೇಳಿತು. ಕೆಟ್ಟ ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣಗಳಿಗೆ ವಿನಾಯಿತಿ ಇದೆ. ಯಾವ ದೂರ ಎಂದರೆ ಮಹಾವೃತ್ತದ ದೂರ. ಫ್ರಾಂಕ್‌ಫರ್ಟ್ ಸುತ್ತಿ ಬಂದರೂ ಲೆಕ್ಕಕ್ಕೆ ಬರುವುದು ಹೊರಟ ಊರಿಗೂ ಕೊನೆಯ ಊರಿಗೂ ನಡುವಿನ ಬಿಗಿದ ದಾರವೇ ಎಂದು 2017ರ ತೀರ್ಪು ಸ್ಪಷ್ಟಪಡಿಸಿತು. ನುನೆಸ್ ಬಿಡಿಸಿದ ಗಂಟು ಐದು ಶತಮಾನದ ಬಳಿಕ ನ್ಯಾಯಾಲಯದ ಸಾಲಾಗಿದೆ. "ತಲುಪಿದ ವೇಳೆ" ಎಂದರೇನು ಎಂಬುದನ್ನೂ ಅದೇ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿತು: ಚಕ್ರ ನೆಲ ಮುಟ್ಟಿದ ಕ್ಷಣವೂ ಅಲ್ಲ, ಗೇಟಿಗೆ ಬಂದು ನಿಂತ ಕ್ಷಣವೂ ಅಲ್ಲ; ಪ್ರಯಾಣಿಕರು ಇಳಿಯಬಹುದೆಂದು ಒಂದು ಬಾಗಿಲಾದರೂ ತೆರೆದ ಕ್ಷಣ. ಎಲ್ಲ ಅಳತೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ, ಏಕೆಂದರೆ ಒಳಗೆ ಕುಳಿತ ಮನುಷ್ಯರಿಂದ ಶುರುವಾಗುವ ಅಳತೆ ಇದೊಂದೇ.

ಹೊರಡುವ ಹಿಂದಿನ ದಿನ ಅವಳಿಗೆ ಒಂದು ಕೆಲಸ ಹೇಳಿದ್ದೆ: ನೆಲ ಬಿಟ್ಟು ಎರಡು ಗಂಟೆಯಾಗುತ್ತಲೇ ಕಿಟಕಿಯಿಂದ ಕೆಳಗೆ ನೋಡು, ಎಲ್ಲಿದ್ದೀಯೆಂದು ತಿಳಿದುಕೋ. ರಾತ್ರಿ ಅವಳ ಸಂದೇಶ ಬಂತು. ಕೆಳಗೆ ಬರೀ ಮೋಡವಿತ್ತಂತೆ. ವಿಮಾನದ ನಕ್ಷೆಯಲ್ಲಿ ಮಾತ್ರ ಪುಟ್ಟ ಬಿಳಿ ಗುರುತು ಬ್ರಸೆಲ್ಸ್ ಎಂಬ ಹೆಸರಿನ ಮೇಲೆ ತೆವಳುತ್ತಿತ್ತಂತೆ. ಬಾಗಿಲು ತೆರೆದಾಗ ಹೆಲ್ಸಿಂಕಿಯ ಗಡಿಯಾರದಲ್ಲಿ 4.46. ಲಿಸ್ಬನ್‌ನ ಬೆಳಗಿನ ಬಿಸಿಲಿನಲ್ಲಿ ಹತ್ತಿದವಳು ಇಳಿಯುವ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗಿ ಒಂದೂವರೆ ಗಂಟೆಯಾಗಿತ್ತು, ರನ್‌ವೇ ಪಕ್ಕದ ಹಿಮದ ಮೇಲೆ ದೀಪಗಳು ಉರಿಯುತ್ತಿದ್ದವು.